‘ಕಳಿಸಿದ್ದೇವೆ’ ಎಂದು ಬರೆಯುವ ಮುನ್ನ

ಬೆಳೆಗಾರ ಬಂಧುಗಳೇ,

ಕಾರ್ಯದರ್ಶಿಯ ಹೆಸರಿನಲ್ಲಿ ಈ ಪುಟದಲ್ಲಿ ಬರುವ ಬರಹವೆಂದರೆ ಗೊಬ್ಬರದ ದಾಸ್ತಾನು, ಮೈಲುತುತ್ತ ಬಂದಿರುವ ಸಮಾಚಾರ, ಸಾಲದ ಕಂತಿನ ಜ್ಞಾಪನೆ, ಇಷ್ಟೇ ಎಂದು ತಾವು ರೂಢಿ ಮಾಡಿಕೊಂಡಿದ್ದೀರಿ. ಈ ಸಲ ಅವೆಲ್ಲವನ್ನೂ ಹಿಂದಿನ ಪುಟಕ್ಕೆ ಬಿಟ್ಟಿದ್ದೇನೆ. ನಮ್ಮ ಕಛೇರಿಯ ಕಂಪ್ಯೂಟರಿನಲ್ಲಿ ಒಂದು ಪತ್ರ ಹೊರಗೆ ಹೋಗದೆ ಕುಳಿತದ್ದರಿಂದ 18 ಮಂದಿ ಸದಸ್ಯರಿಗೆ ಆದ ನಷ್ಟವನ್ನು ಕುರಿತು ಬರೆಯಬೇಕಾಗಿದೆ. ಆ ನಷ್ಟದಲ್ಲಿ ನನ್ನ ಪಾಲಿನ ತಪ್ಪೂ ಇದೆ. ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇನೆ.

ಕಳೆದ ಫೆಬ್ರವರಿಯಲ್ಲಿ, ಪಾರ್ಚ್‌ಮೆಂಟ್ ಕಣದಿಂದ ಚೀಲಕ್ಕೆ ಬಂದಿದ್ದ ದಿನಗಳಲ್ಲಿ, ಖರೀದಿದಾರರೊಬ್ಬರು ನಮ್ಮ ಸಂಘದ ಸದಸ್ಯರ ಸರಕನ್ನು ಒಟ್ಟಿಗೆ ಕೊಳ್ಳಲು ಮುಂದೆ ಬಂದರು. ಸಣ್ಣ ಹಿಡುವಳಿದಾರರಾದ ನಮಗೆ ಇಂಥ ಅವಕಾಶ ದಿನಾ ಬರುವುದಿಲ್ಲ. ಒಬ್ಬೊಬ್ಬರೇ ಐದು ಹತ್ತು ಮೂಟೆ ಹಿಡಿದುಕೊಂಡು ಹೋದರೆ ಸಿಗುವ ದರವೇ ಬೇರೆ, 162 ಮೂಟೆ ಒಂದೇ ಲಾಟಾಗಿ ಹೋದರೆ ಸಿಗುವ ದರವೇ ಬೇರೆ. ಅವರು ಕೇಳಿದ್ದು ಇಷ್ಟು: ಪ್ರತಿ ಸದಸ್ಯರ ದಾಸ್ತಾನಿನ ವಿವರ, ತೇವಾಂಶ ಮತ್ತು ಔಟ್‌ಟರ್ನ್ ಪರೀಕ್ಷೆಯ ಚೀಟಿ, ಕಣದ ಹಾಗೂ ಗೋದಾಮಿನ ಫೋಟೋ, ನಮ್ಮ ದರ. ಎಲ್ಲವೂ ಶುಕ್ರವಾರ ಸಂಜೆ 5 ಗಂಟೆಯೊಳಗೆ ಇ-ಮೇಲ್ ಮೂಲಕ ತಲುಪಬೇಕು.

ನಮ್ಮ ಕಛೇರಿಯ ಹುಡುಗಿ ಎರಡು ದಿನ ಕುಳಿತು ಚೀಟಿಗಳನ್ನೆಲ್ಲ ಸ್ಕ್ಯಾನ್ ಮಾಡಿದಳು. ಶುಕ್ರವಾರ 4-15ಕ್ಕೆ ನಾನು ಪಕ್ಕದಲ್ಲಿ ನಿಂತಿದ್ದಂತೆಯೇ ‘ಸೆಂಡ್’ ಒತ್ತಿದಳು. ಪತ್ರ ಬರೆದ ಕಿಟಕಿ ಮುಚ್ಚಿಕೊಂಡಿತು. “ಹೋಯ್ತು ಸಾರ್” ಎಂದಳು. ನಾನು ರವಾನೆ ಪುಸ್ತಕ ತೆಗೆದು ನನ್ನ ಕೈಯಾರೆ ‘ಇ-ಮೇಲ್ ಮೂಲಕ ಕಳಿಸಿದೆ, ಸಮಯ 4-15’ ಎಂದು ಬರೆದು ಸಹಿ ಹಾಕಿದೆ. ಕಛೇರಿಗೆ ಬೀಗ ಹಾಕಿ ರಾತ್ರಿಯ ಬಸ್ಸು ಹಿಡಿದೆ. ಕೋಲಾರ ಚಿನ್ನದ ಗಣಿಯ ಊರಿಗಾಂನಲ್ಲಿ ನನ್ನ ಅಕ್ಕನ ಮನೆಯಲ್ಲಿ ಒಂದು ಶುಭಕಾರ್ಯವಿತ್ತು. ಶಾಲಾ ಶಿಕ್ಷಕಿಯಾಗಿ ಆ ಊರಿಗೆ ಹೋದ ಅಕ್ಕ ಅಲ್ಲೇ ಮದುವೆಯಾಗಿ ನೆಲೆಸಿದವಳು.

ಬೆಂಗಳೂರಿನಲ್ಲಿ ಬಸ್ಸಿನಿಂದ ಇಳಿದು, ಬಂಗಾರಪೇಟೆಯ ಮೇಲೆ ಮಾರಿಕುಪ್ಪಂಗೆ ಹೋಗುವ ರೈಲು ಹತ್ತಿ, ಊರಿಗಾಂ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆಯಾಗಿತ್ತು. ಪ್ಲಾಟ್‌ಫಾರಮ್ಮಿನ ಮೇಲೆ ಕಾಲಿಟ್ಟಿದ್ದೇನೆ, ಫೋನು ಬಂತು. ಖರೀದಿದಾರರ ಕಡೆಯವರು. “ನಿಮ್ಮ ವಿವರ ಬರಲಿಲ್ಲವಲ್ಲ ಸಾರ್, ಐದೂವರೆವರೆಗೆ ಕಾದು ಬೇರೆ ಕಡೆಯ ಸರಕಿಗೆ ಒಪ್ಪಿಗೆ ಕೊಟ್ಟುಬಿಟ್ಟೆವು” ಎಂದರು. ನನಗೆ ಸಿಟ್ಟು ಬಂತು. “4-15ಕ್ಕೆ ಕಳಿಸಿದ್ದೇವೆ, ರವಾನೆ ಪುಸ್ತಕದಲ್ಲಿ ದಾಖಲೆಯಿದೆ” ಎಂದು ನಾಲ್ಕು ಜನ ತಿರುಗಿ ನೋಡುವಂತೆ ಗಟ್ಟಿಯಾಗಿಯೇ ಹೇಳಿದೆ. ಆ ಮನುಷ್ಯ ಶಾಂತವಾಗಿ, “ಒಮ್ಮೆ ನಿಮ್ಮ ಔಟ್‌ಬಾಕ್ಸ್ ನೋಡಿಸಿ” ಎಂದು ಫೋನು ಇಟ್ಟರು.

ಶನಿವಾರವಾದ್ದರಿಂದ ಕಛೇರಿ ತೆರೆದಿತ್ತು. ಹುಡುಗಿಗೆ ಫೋನು ಮಾಡಿ ನೋಡಲು ಹೇಳಿದೆ. ಎರಡು ನಿಮಿಷ ಅವಳು ಮಾತಾಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, “ಸಾರ್, ಔಟ್‌ಬಾಕ್ಸ್ ಪಕ್ಕದಲ್ಲಿ ಒಂದು ಅಂತ ಇದೆ, ಅದರೊಳಗೆ ನಮ್ಮದೇ ಪತ್ರ ಇದೆ” ಎಂದಳು. ಚೀಲಕ್ಕೆ ಹೊಲಿಗೆ ಹಾಕಿ, ಬಿಲ್ಲು ಬರೆದು, ಲಾರಿ ಹೋಯಿತೆಂದು ನಂಬಿ ಮನೆಗೆ ಬಂದವನಿಗೆ, ಮಾರನೆಯ ದಿನ ಸರಕೆಲ್ಲ ಗೋದಾಮಿನ ಬಾಗಿಲಲ್ಲೇ ಬಿದ್ದಿದೆ ಎಂದು ತಿಳಿದರೆ ಹೇಗಾಗಬೇಕೋ ನನಗೆ ಹಾಗಾಯಿತು.

ಇಲ್ಲಿ ಔಟ್‌ಬಾಕ್ಸ್ ಎಂದರೇನೆಂದು ಎರಡು ಮಾತು ಹೇಳಬೇಕು. ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡಿರುವ ಔಟ್‌ಲುಕ್‌ನಂಥ ಅಂಚೆ ಪ್ರೋಗ್ರಾಮುಗಳಲ್ಲಿ ನಾವು ‘ಸೆಂಡ್’ ಒತ್ತಿದಾಗ ಪತ್ರ ನೇರವಾಗಿ ಊರು ಬಿಡುವುದಿಲ್ಲ. ಅದು ಮೊದಲು ನಮ್ಮದೇ ಯಂತ್ರದ ಔಟ್‌ಬಾಕ್ಸ್ ಎಂಬ ಪೆಟ್ಟಿಗೆಗೆ ಬೀಳುತ್ತದೆ. ಪ್ರೋಗ್ರಾಮು ಅದನ್ನು ಅಲ್ಲಿಂದ ಎತ್ತಿಕೊಂಡು ನಮ್ಮ ಅಂಚೆ ಖಾತೆಯಿರುವ ಸರ್ವರಿಗೆ ಒಪ್ಪಿಸುತ್ತದೆ. ಸರ್ವರು ‘ಸ್ವೀಕರಿಸಿದೆ’ ಎಂದು ಮರುನುಡಿದ ಮೇಲಷ್ಟೇ ಪತ್ರ ಔಟ್‌ಬಾಕ್ಸ್ ಬಿಟ್ಟು ‘ಸೆಂಟ್’ ಎಂಬ ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆ. ಈ ವ್ಯವಹಾರದ ನಿಯಮಗಳನ್ನು ಎಸ್‌ಎಂಟಿಪಿ ಎಂಬ ಹೆಸರಿನಲ್ಲಿ 1982ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಎಂಬುವರು ಬರೆದು ಪ್ರಕಟಿಸಿದರು. ಸರ್ವರು ಕೊಡುವ ಒಪ್ಪಿಗೆಯ ಮರುಸಂಕೇತ 250 ಎಂಬ ಸಂಖ್ಯೆ. ಇಂದಿಗೂ ಅದೇ ನಡೆಯುತ್ತಿದೆ. 250 ಬರುವವರೆಗೆ ಪತ್ರ ನಮ್ಮ ಮನೆಯಲ್ಲೇ ಇದೆ ಎಂದು ಅರ್ಥ.

ಆ ದಿನ ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು ಭಾವನವರಿಗೆ ನಡೆದದ್ದನ್ನು ಹೇಳಿದೆ. ಎದುರಿಗೆ ಗಣಿಯ ಮಣ್ಣಿನ ಬೂದು ದಿಬ್ಬಗಳು. ಭಾವ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಅದೇ ಕೆಲಸ. ಚಾಂಪಿಯನ್ ರೀಫ್‌ನಲ್ಲಿ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತೆಂಬುದು ತಮಗೆ ಗೊತ್ತಿರಬಹುದು. ಜನರನ್ನು ಕೂಡಿಸಿಕೊಂಡು ಬಾವಿಯಲ್ಲಿ ಇಳಿಯುವ ಕೇಜನ್ನು ಹಗ್ಗದಲ್ಲಿ ಬಿಡುವ, ಎಳೆಯುವ ಯಂತ್ರವೇ ವೈಂಡಿಂಗ್ ಎಂಜಿನ್. ಅದನ್ನು ನಡೆಸುವವನು ಬಾವಿಯ ಬಾಯಿಂದ ದೂರ, ಎಂಜಿನ್ ಮನೆಯಲ್ಲಿ ಕುಳಿತಿರುತ್ತಾನೆ. ಕೆಳಗಿರುವ ಕೇಜು ಅವನ ಕಣ್ಣಿಗೆ ಕಾಣುವುದಿಲ್ಲ. ಅವನಿಗೆ ಕಣ್ಣೂ ಕಿವಿಯೂ ಆಗಿರುವುದು ಗಂಟೆ ಮತ್ತು ಆಳ ತೋರಿಸುವ ಮುಳ್ಳು.

ಎಲ್ಲ ಕೇಳಿದ ಮೇಲೆ ಭಾವ, “ಅಲ್ಲಯ್ಯ, ನೀನು ಗಂಟೆ ಹೊಡೆದೆ, ಸರಿ. ಮರುಗಂಟೆ ಬಂತೋ?” ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು: “ಕೆಳಗೆ ಜನ ಕೇಜು ಹತ್ತಬೇಕಾದರೆ ಮೊದಲು ಮೇಲಕ್ಕೆ ಗಂಟೆ ಕೊಡುತ್ತಾರೆ. ಅದೇ ಗಂಟೆ ಮೇಲಿನಿಂದ ತಿರುಗಿ ಬರಬೇಕು. ಬರುವವರೆಗೂ ಒಬ್ಬನೂ ಕೇಜಿಗೆ ಕಾಲಿಡುವ ಹಾಗಿಲ್ಲ. ನಾನು ಹೊಡೆದಿದ್ದೇನೆ, ಅವರಿಗೆ ಕೇಳಿಸಿರುತ್ತೆ ಅಂತ ಅಂದುಕೊಂಡು ಹತ್ತಿದರೆ ಜೀವಕ್ಕೆ ಅಪಾಯ. ನೀನು ಗಂಟೆ ಹೊಡೆದವನೇ ಬೀಗ ಹಾಕಿಕೊಂಡು ಬಸ್ಸು ಹತ್ತಿದೆ.”

ಬಂಧುಗಳೇ, ನಾನು ಬಿ.ಎಸ್ಸಿ. ಓದಿದವನು, ಇಪ್ಪತ್ತು ವರ್ಷಗಳಿಂದ ಸಂಘದ ಪತ್ರವ್ಯವಹಾರ ನೋಡಿಕೊಂಡು ಬಂದವನು. ಆದರೂ ಈ ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಹಳೆಯ ಕಾಲದಲ್ಲಿ ರಿಜಿಸ್ಟರ್ ಪತ್ರ ಕಳಿಸಿದರೆ ಅಂಚೆ ಕಛೇರಿಯಿಂದ ರಶೀದಿ ತಂದು ರವಾನೆ ಪುಸ್ತಕಕ್ಕೆ ಅಂಟಿಸುತ್ತಿದ್ದೆವು. ರಶೀದಿಯಿಲ್ಲದೆ ‘ಕಳಿಸಿದೆ’ ಎಂದು ಬರೆದರೆ ಆಡಿಟರು ಕೇಳುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ರಶೀದಿ ಕೇಳುವ ಆ ಅಭ್ಯಾಸವನ್ನೇ ಬಿಟ್ಟೆವು. ಯಂತ್ರ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಔಟ್‌ಬಾಕ್ಸ್ ಪಕ್ಕದಲ್ಲಿ ‘1’ ಎಂದು ತೋರಿಸುತ್ತಲೇ ಇತ್ತು. ನೋಡದಿದ್ದವರು ನಾವು.

ಈ ವಿಷಯದಲ್ಲಿ ಕಾನೂನು ಕೂಡ ಭಾವನವರ ಪಕ್ಷದಲ್ಲೇ ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 13ನೆಯ ಕಲಮಿನ ಪ್ರಕಾರ, ಉಭಯಪಕ್ಷಗಳ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ, ವಿದ್ಯುನ್ಮಾನ ಪತ್ರವೊಂದು ರವಾನೆಯಾಯಿತೆಂದು ಎಣಿಸುವುದು ಅದು ಕಳಿಸಿದವನ ಹತೋಟಿಗೆ ಹೊರತಾದ ಕಂಪ್ಯೂಟರನ್ನು ಸೇರಿದಾಗ. ನಮ್ಮ ಔಟ್‌ಬಾಕ್ಸ್ ನಮ್ಮ ಹತೋಟಿಯಲ್ಲೇ ಇರುವಂಥದ್ದು. 1872ರ ಕರಾರು ಕಾಯಿದೆಯ 4ನೆಯ ಕಲಮಿನಲ್ಲಿಯೂ ಇದೇ ಬಗೆಯ ವಿವೇಕವಿದೆ: ಒಪ್ಪಿಗೆಯ ಪತ್ರ ಬರೆದವನ ಕೈ ಮೀರಿ ಹೋದಾಗಲೇ ಅದು ಎದುರು ಪಕ್ಷದವನನ್ನು ಕಟ್ಟಿಹಾಕುತ್ತದೆ. ಆದ್ದರಿಂದ ನನ್ನ ರವಾನೆ ಪುಸ್ತಕದ ಬರಹಕ್ಕೂ ಸಹಿಗೂ ಬೆಲೆಯಿರಲಿಲ್ಲ. ಊರಿಗಾಂ ನಿಲ್ದಾಣದಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದು ಅನ್ಯಾಯವಾಗಿತ್ತು. ಮಾರನೆಯ ದಿನ ಫೋನು ಮಾಡಿ ಕ್ಷಮೆ ಕೇಳಿದೆ.

ಇನ್ನು ಪತ್ರ ಏಕೆ ಸಿಕ್ಕಿಕೊಂಡಿತು ಎಂಬ ವಿಚಾರ. ಅಕ್ಕನ ಮಗ ಕಂಪ್ಯೂಟರ್ ಕೆಲಸ ಬಲ್ಲವನು. ಫೋನಿನಲ್ಲೇ ನಮ್ಮ ಹುಡುಗಿಗೆ ಒಂದೊಂದಾಗಿ ಹೇಳಿ ಮಾಡಿಸಿದ. ಮೊದಲಿಗೆ ಒಂದೇ ಸಾಲಿನ ಸಣ್ಣ ಪತ್ರವೊಂದನ್ನು ನಮ್ಮದೇ ವಿಳಾಸಕ್ಕೆ ಕಳಿಸಿ ನೋಡಲು ಹೇಳಿದ. ದೊಡ್ಡ ಪತ್ರವನ್ನು ಪಕ್ಕಕ್ಕೆ ಸರಿಸಿದ ಮೇಲೆ ಅದು ತಟ್ಟನೆ ಹೋಯಿತು. ಅಂದರೆ ಲೈನು ಸರಿಯಿದೆ, ಪಾಸ್‌ವರ್ಡ್ ಸರಿಯಿದೆ, ತೊಂದರೆ ಆ ಪತ್ರದಲ್ಲೇ ಇದೆ. ಲಗತ್ತುಗಳ ತೂಕ ನೋಡಿದರೆ ಒಟ್ಟು 19 ಎಂಬಿ. “ನಮ್ಮ ಖಾತೆಗೆ 25 ಎಂಬಿವರೆಗೆ ಅವಕಾಶವಿದೆಯಲ್ಲ” ಎಂದೆ ನಾನು. ಅವನು ನಕ್ಕು, “ಮಾವ, ನೀವು ಕಾಫಿಯನ್ನು ಹಣ್ಣಿನ ತೂಕದಲ್ಲಿ ಲೆಕ್ಕ ಹಾಕ್ತೀರೋ, ಒಣಗಿದ ಮೇಲೋ?” ಎಂದ.

ಇದು ಎಲ್ಲರೂ ತಿಳಿದಿರಬೇಕಾದ ಮಾತು. ಇ-ಮೇಲ್ ಎಂಬುದು ಮೂಲತಃ ಅಕ್ಷರಗಳನ್ನು ಸಾಗಿಸಲು ಹುಟ್ಟಿದ ಏರ್ಪಾಡು. ಫೋಟೋ, ಸ್ಕ್ಯಾನ್ ಮೊದಲಾದವನ್ನು ಅದರಲ್ಲಿ ಕಳಿಸಬೇಕಾದರೆ ಪ್ರೋಗ್ರಾಮು ಅವನ್ನು ಅಕ್ಷರಗಳ ರೂಪಕ್ಕೆ ತಿರುಗಿಸುತ್ತದೆ. ಹಾಗೆ ತಿರುಗಿಸುವಾಗ ಪ್ರತಿ ಮೂರು ಪಾಲು ನಾಲ್ಕು ಪಾಲಾಗುತ್ತದೆ. ಅಂದರೆ ಕಡತದ ತೂಕ ಸುಮಾರು ಮೂರನೆಯ ಒಂದರಷ್ಟು ಉಬ್ಬುತ್ತದೆ. 19 ಎಂಬಿಯ ನಮ್ಮ ಕಟ್ಟು ದಾರಿಯಲ್ಲಿ 25ನ್ನು ದಾಟಿತ್ತು. ಉಬ್ಬಿದ ತೂಕವನ್ನೇ ಅಳೆಯುವ ನಮ್ಮ ಸರ್ವರು ಅದನ್ನು ಬಾಗಿಲಲ್ಲೇ ತಿರಸ್ಕರಿಸಿತ್ತು. ಔಟ್‌ಲುಕ್‌ನಲ್ಲಿ ಇಂಥ ಖಾತೆಗಳಿಗೆ ಲಗತ್ತಿನ ಮಿತಿ ಸಾಮಾನ್ಯವಾಗಿ 20 ಎಂಬಿ. ನಮ್ಮದು 19 ಆಗಿದ್ದರಿಂದ ಪ್ರೋಗ್ರಾಮು ಲಗತ್ತಿಸುವಾಗ ತಡೆಯಲಿಲ್ಲ, ಹೊರಗಿನ ಸರ್ವರು ತಡೆಯಿತು.

ಇನ್ನೊಂದು ತಮಾಷೆ ಕೇಳಿ. ಹುಡುಗಿ ಗಾಬರಿಯಿಂದ ಔಟ್‌ಬಾಕ್ಸಿನಲ್ಲಿದ್ದ ಪತ್ರವನ್ನು ತೆರೆದು, ಎಲ್ಲ ಸರಿಯಿದೆಯೆಂದು ನೋಡಿ, ಮುಚ್ಚಿದ್ದಳು. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಹೊರಡಲು ಸಿದ್ಧವಿರುವ ಪತ್ರದ ಹೆಸರು ಓರೆ ಅಕ್ಷರದಲ್ಲಿ ಕಾಣುತ್ತದೆ. ಅದನ್ನು ತೆರೆದು ಹಾಗೆಯೇ ಮುಚ್ಚಿದರೆ ಓರೆ ಹೋಗಿ ನೆಟ್ಟಗಾಗುತ್ತದೆ. ಅಲ್ಲಿಗೆ ಅದು ಹೊರಡುವ ಸಾಲಿನಿಂದ ಹೊರಬಿತ್ತೆಂದು ಅರ್ಥ. ಮತ್ತೆ ‘ಸೆಂಡ್’ ಒತ್ತದೆ ಅದು ಎಷ್ಟು ದಿನವಾದರೂ ಹೋಗುವುದಿಲ್ಲ. ಅಂಟಿಸಿದ ಲಕೋಟೆಯನ್ನು ಒಡೆದು ನೋಡಿ, ಮತ್ತೆ ಅಂಟಿಸದೆ ಮೇಜಿನ ಮೇಲೆ ಇಟ್ಟಂತೆ. ಕಾಳಜಿಯಿಂದ ಮಾಡಿದ ಕೆಲಸವೇ ಕೇಡಾಯಿತು.

ನಮ್ಮ ಸದಸ್ಯರಲ್ಲಿ ಈಗ ಅನೇಕರ ಮನೆಯಲ್ಲಿ ಕಂಪ್ಯೂಟರಿದೆ. ಬ್ಯಾಂಕಿಗೆ, ಇಲಾಖೆಗೆ, ಖರೀದಿದಾರರಿಗೆ ತಾವೇ ಬರೆಯುತ್ತಾರೆ. ಅವರ ಉಪಯೋಗಕ್ಕೆಂದು, ಪತ್ರ ಸಿಕ್ಕಿಕೊಂಡಾಗ ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಒಂದು. ಮೊದಲು ಲೈನು ಇದೆಯೇ ನೋಡಿ. ಯಾವುದಾದರೂ ವೆಬ್‌ಸೈಟು ತೆರೆದರೆ ಸಾಕು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟೂ ಕೇಬಲ್ಲೂ ಒಟ್ಟಿಗೆ ಹೋಗುವುದು ಹೊಸದಲ್ಲ.

ಎರಡು. ಲೈನು ಇದ್ದೂ ಪತ್ರ ಹೋಗದಿದ್ದರೆ, ಪ್ರೋಗ್ರಾಮನ್ನೇ ‘ವರ್ಕ್ ಆಫ್‌ಲೈನ್’ ಸ್ಥಿತಿಯಲ್ಲಿ ಇಟ್ಟಿದ್ದೇವೆಯೇ ನೋಡಿ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ‘ಸೆಂಡ್/ರಿಸೀವ್’ ಪಟ್ಟಿಯಲ್ಲಿ ಈ ಗುಂಡಿ ಇದೆ. ಆಫ್‌ಲೈನ್ ಆಗಿದ್ದರೆ ಪರದೆಯ ಕೆಳಗಿನ ಅಂಚಿನಲ್ಲಿ ಹಾಗೆಂದು ಬರೆದಿರುತ್ತದೆ. ಥಂಡರ್‌ಬರ್ಡ್‌ನಲ್ಲಿ ‘ಫೈಲ್’ ಪಟ್ಟಿಯೊಳಗೆ ‘ಆಫ್‌ಲೈನ್’ ಎಂದಿದೆ. ಬೆರಳು ತಾಗಿ ಇದು ಒತ್ತಿಹೋಗುವುದುಂಟು. ಸರಿಪಡಿಸಿದ ಮೇಲೆ ಔಟ್‌ಲುಕ್‌ನಲ್ಲಿ ಎಫ್9 ಒತ್ತಿದರೆ, ಥಂಡರ್‌ಬರ್ಡ್‌ನಲ್ಲಿ ‘ಸೆಂಡ್ ಅನ್‌ಸೆಂಟ್ ಮೆಸೇಜಸ್’ ಎಂಬುದನ್ನು ಆರಿಸಿದರೆ, ಕಾದಿರುವ ಪತ್ರಗಳು ಹೊರಡುತ್ತವೆ.

ಮೂರು. ಲಗತ್ತು ಭಾರವಾಗಿದೆಯೇ ನೋಡಿ. ಭಾರವಾದ ಪತ್ರವೊಂದು ಮುಂದೆ ಕುಳಿತರೆ ಅದರ ಹಿಂದಿನ ಹಗುರವಾದವೂ ಕಾಯಬೇಕಾಗಬಹುದು. ಕಿರಿದಾದ ರಸ್ತೆಯಲ್ಲಿ ಮರದ ಲಾರಿ ಹೂತುಕೊಂಡಂತೆ. ಲೈನು ನಡುವೆ ಕಡಿದರೆ ಪ್ರೋಗ್ರಾಮು ಮತ್ತೆ ಮೊದಲಿನಿಂದ ಕಳಿಸಲು ತೊಡಗುತ್ತದೆ, ಅರ್ಧದಿಂದ ಮುಂದುವರಿಸುವುದಿಲ್ಲ. ಇಂಥ ಪತ್ರವನ್ನು ತೆಗೆಯಹೋದರೆ, ರವಾನೆ ಆಗಲೇ ಶುರುವಾಗಿದೆ ಎಂದು ಪ್ರೋಗ್ರಾಮು ತಡೆಯಬಹುದು. ಆಗ ಮೊದಲು ‘ವರ್ಕ್ ಆಫ್‌ಲೈನ್’ ಒತ್ತಿ, ಪ್ರೋಗ್ರಾಮು ಮುಚ್ಚಿ ಮತ್ತೆ ತೆರೆದು, ಪತ್ರವನ್ನು ಎಳೆದು ‘ಡ್ರಾಫ್ಟ್ಸ್’ಗೆ ಹಾಕಿ. ಬಳಿಕ ಲಗತ್ತುಗಳನ್ನು ಎರಡು ಮೂರು ಪತ್ರಗಳಿಗೆ ಹಂಚಿ, ಆಫ್‌ಲೈನ್ ತೆಗೆದು ಕಳಿಸಿ. ಒಟ್ಟು 10 ಎಂಬಿ ಮೀರದಂತೆ ಇಟ್ಟುಕೊಳ್ಳುವುದು ಕ್ಷೇಮವೆಂದು ನನ್ನ ಅನುಭವ. ಸ್ಕ್ಯಾನ್ ಮಾಡುವಾಗ ಚೀಟಿಗಳನ್ನು ಬಣ್ಣದಲ್ಲಿ ತೆಗೆಯದೆ ಕಪ್ಪು ಬಿಳುಪಿನಲ್ಲಿ ತೆಗೆದರೆ ಅರ್ಧ ಕಷ್ಟ ಅಲ್ಲೇ ಮುಗಿಯುತ್ತದೆ.

ನಾಲ್ಕು. ಸಣ್ಣ ಪತ್ರವೂ ಹೋಗದಿದ್ದರೆ ಪಾಸ್‌ವರ್ಡಿನ ವಿಚಾರ. ಬೇರೆಲ್ಲೋ ಪಾಸ್‌ವರ್ಡ್ ಬದಲಾಯಿಸಿ, ಪ್ರೋಗ್ರಾಮಿನಲ್ಲಿ ಹಳೆಯದನ್ನೇ ಬಿಟ್ಟಿದ್ದರೆ ಹೀಗಾಗುತ್ತದೆ. ಹಳೆಯ ಪ್ರೋಗ್ರಾಮು ಇಟ್ಟುಕೊಂಡವರು ಇನ್ನೊಂದನ್ನು ತಿಳಿದಿರಬೇಕು. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುವ ಹಳೆಯ ರೀತಿಯನ್ನು ಗೂಗಲ್ ಕಂಪನಿ ಸಾಮಾನ್ಯ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ವೈಯಕ್ತಿಕ ಖಾತೆಗಳಿಗೆ 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಜಿಮೇಲ್ ಖಾತೆಯನ್ನು ಹಳೆಯ ಪ್ರೋಗ್ರಾಮಿನಲ್ಲಿ ನಡೆಸಬೇಕಾದರೆ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, 16 ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ಪಡೆದು ಹಾಕಬೇಕು. ವಿಂಡೋಸ್ ಜೊತೆಗೆ ಬರುತ್ತಿದ್ದ ‘ಮೇಲ್’ ಎಂಬ ಪ್ರೋಗ್ರಾಮಿನ ಕಾಲ 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅದರಲ್ಲಿ ಬರೆದು ಕಾಯುವುದು ವ್ಯರ್ಥ.

ಐದು. ಪತ್ರ ಬರುತ್ತಿದೆ, ಆದರೆ ಹೋಗುತ್ತಿಲ್ಲ ಎಂದರೆ ಆಶ್ಚರ್ಯಪಡಬೇಡಿ. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಹೋಗುವ ದಾರಿಗೆ ‘ಪೋರ್ಟ್’ ಎಂಬ ಬಾಗಿಲ ಸಂಖ್ಯೆಯಿದೆ. ಹಿಂದೆ ಇದು 25. ಕಸದ ಪತ್ರಗಳ ಹಾವಳಿಯಿಂದ ಅನೇಕ ಇಂಟರ್ನೆಟ್ ಕಂಪನಿಗಳು ಇದನ್ನು ಮುಚ್ಚಿವೆ. ಈಗ 587 ಅಥವಾ 465 ಬಳಸಬೇಕು, ಮತ್ತು ಹೊರಹೋಗುವ ಸರ್ವರಿಗೂ ಹೆಸರು, ಪಾಸ್‌ವರ್ಡ್ ಕೊಡುವಂತೆ ಗುರುತು ಹಾಕಿರಬೇಕು. ಅನುಮಾನವಿದ್ದರೆ ಮೊಬೈಲಿನ ಹಾಟ್‌ಸ್ಪಾಟಿಗೆ ಕಂಪ್ಯೂಟರನ್ನು ಜೋಡಿಸಿ ನೋಡಿ. ಅದರಲ್ಲಿ ಹೋದರೆ ದೋಷ ಮನೆಯ ಲೈನಿನದು, ಪ್ರೋಗ್ರಾಮಿನದಲ್ಲ.

ಆರು. ಖಾತೆಯೇ ತುಂಬಿದೆಯೇ ನೋಡಿ. ಗೂಗಲ್ ಪುಕ್ಕಟೆ ಕೊಡುವ ಜಾಗ 15 ಜಿಬಿ. ಅದರಲ್ಲಿ ಮೊಮ್ಮಗುವಿನ ಫೋಟೋ, ವೀಡಿಯೊ ಎಲ್ಲ ಸೇರಿರುತ್ತವೆ. ಜಾಗ ತುಂಬಿದರೆ ಪತ್ರ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಇಷ್ಟನ್ನು ಕ್ರಮವಾಗಿ ನೋಡಿದರೆ ಬಹುಪಾಲು ಪ್ರಸಂಗಗಳಲ್ಲಿ ಕಾರಣ ಸಿಗುತ್ತದೆ. ಒಂದು ಎಚ್ಚರಿಕೆ: ಗಾಬರಿಯಲ್ಲಿ ಪ್ರೋಗ್ರಾಮನ್ನೇ ಕಿತ್ತುಹಾಕಿ ಮತ್ತೆ ಸ್ಥಾಪಿಸಲು ಹೋಗಬೇಡಿ. ಯಂತ್ರದಲ್ಲಿ ಮಾತ್ರ ಉಳಿದಿರುವ ಹಳೆಯ ಪತ್ರಗಳು ನಷ್ಟವಾಗಬಹುದು. ಮೊದಲು ನಕಲು ತೆಗೆದಿಡಿ.

ಈ ಸಂಗತಿ ತಿಳಿದ ಮೇಲೆ ನಮ್ಮ ನಿರ್ದೇಶಕರಲ್ಲಿ ಒಬ್ಬರು, “ಇಷ್ಟೆಲ್ಲ ಪೇಚಾಟ ಯಾಕೆ, ವಾಟ್ಸಾಪಿನಲ್ಲಿ ಕಳಿಸಿದರೆ ಮುಗಿಯಿತು” ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ವಾಟ್ಸಾಪಿನಲ್ಲಿ ಗಡಿಯಾರದ ಗುರುತು ಇದ್ದರೆ ಇನ್ನೂ ಹೊರಟಿಲ್ಲ, ಒಂದು ಗೀಟು ಬಂದರೆ ಹೊರಟಿತು, ಎರಡು ಬಂದರೆ ತಲುಪಿತು ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ನಾನು ಹೇಳುವುದೂ ಅದನ್ನೇ. ವಾಟ್ಸಾಪಿನಲ್ಲಿ ಎರಡು ಗೀಟು ಬರುವವರೆಗೆ ಪರದೆ ನೋಡುತ್ತ ಕೂರುವ ನಾವು, ಲಕ್ಷಾಂತರ ರೂಪಾಯಿಯ ಸರಕಿನ ಪತ್ರವನ್ನು ಒತ್ತಿ ಬೆನ್ನು ತಿರುಗಿಸುತ್ತೇವೆ. ಬ್ಯಾಂಕು, ಇಲಾಖೆ, ದೊಡ್ಡ ಖರೀದಿದಾರರು ಇ-ಮೇಲನ್ನೇ ಕೇಳುವವರೆಗೆ ನಾವು ಅದನ್ನು ಕಲಿಯದೆ ವಿಧಿಯಿಲ್ಲ.

ಇನ್ನೊಬ್ಬರು, “ಪ್ರೋಗ್ರಾಮು ಬಿಟ್ಟು ನೇರವಾಗಿ ಬ್ರೌಸರಿನಲ್ಲೇ ಪತ್ರ ಬರೆಯಬಹುದಲ್ಲ” ಎಂದರು. ಬರೆಯಬಹುದು. ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಲೈನು ಬಂದು ಹೋಗುವ ನಮ್ಮಂಥ ಊರಿಗೆ, ಲೈನಿಲ್ಲದಾಗಲೂ ಪತ್ರ ಬರೆದಿಟ್ಟುಕೊಂಡು, ಹತ್ತು ವರ್ಷದ ಹಿಂದಿನ ಪತ್ರವನ್ನು ನಮ್ಮ ಯಂತ್ರದಲ್ಲೇ ಹುಡುಕಿ ತೆಗೆಯಬಲ್ಲ ಈ ಏರ್ಪಾಡು ಉಪಯುಕ್ತವೇ. ಲೈನು ಬಂದಾಗ ತಾನೇ ಹೋಗಲೆಂದು ಪತ್ರವನ್ನು ಕಾಯ್ದಿಡುವುದಕ್ಕೇ ಔಟ್‌ಬಾಕ್ಸ್ ಇರುವುದು. ಪೆಟ್ಟಿಗೆಯಲ್ಲಿ ದೋಷವಿಲ್ಲ. ಸಂಜೆ ಅದರೊಳಗೆ ಇಣುಕದಿರುವುದು ದೋಷ.

ಪೂಲ್ ಪದ್ಧತಿ ಇದ್ದ ಕಾಲವನ್ನು ಹಿರಿಯ ಸದಸ್ಯರು ನೆನೆಯಬಹುದು. ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ ರಶೀದಿ ಪಡೆದರೆ ನಮ್ಮ ಕೆಲಸ ಮುಗಿಯಿತು, ಹಣ ಕಂತುಕಂತಾಗಿ ಯಾವಾಗಲೋ ಬರುತ್ತಿತ್ತು. ಪತ್ರ ಒಂದು ವಾರ ತಡವಾದರೂ ದರ ಬದಲಾಗುತ್ತಿರಲಿಲ್ಲ. 1990ರ ದಶಕದ ನಡುವೆ ಆ ಪದ್ಧತಿ ಮುಗಿದು, ಬೆಳೆಗಾರನೇ ತನ್ನ ಬೆಳೆಗೆ ಮಾರಾಟಗಾರನಾದ. ಇವತ್ತು ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆ ರಾತ್ರಿ ಕೆಮ್ಮಿದರೆ ಬೆಳಿಗ್ಗೆ ನಮ್ಮ ಪೇಟೆಗೆ ನೆಗಡಿ. ಅಡಿಕೆಯಲ್ಲೂ ಅಷ್ಟೆ. ಟೆಂಡರ್ ಪೆಟ್ಟಿಗೆ ಮುಚ್ಚಿದ ಮೇಲೆ ತಂದ ಚೀಟಿಯನ್ನು, ಅದರಲ್ಲಿ ಎಷ್ಟೇ ಒಳ್ಳೆಯ ದರ ಬರೆದಿದ್ದರೂ, ಯಾರೂ ತೆರೆಯುವುದಿಲ್ಲ. ಮಾರಾಟದ ಸ್ವಾತಂತ್ರ್ಯ ನಮಗೆ ಬಂದಿದೆ, ಅದರ ಜೊತೆಗೆ ಗಡಿಯಾರವೂ ಬಂದಿದೆ.

ಈಗ ನಷ್ಟದ ಲೆಕ್ಕ. ಆ 162 ಮೂಟೆಯನ್ನು ಒಂಬತ್ತು ದಿನಗಳ ನಂತರ ಬೇರೆಯವರಿಗೆ ಕೊಟ್ಟೆವು. ಮೂಟೆಗೆ 400 ರೂಪಾಯಿ ಕಡಿಮೆ ಬಂತು. ಒಟ್ಟು 64,800 ರೂಪಾಯಿ. ದೊಡ್ಡ ತೋಟದವರಿಗೆ ಇದು ದೊಡ್ಡದಲ್ಲ. ಆದರೆ ಆ 18 ಮಂದಿಯಲ್ಲಿ ಒಂದೂವರೆ ಎಕರೆಯ ಒಬ್ಬ ತಾಯಿ ಇದ್ದಾರೆ. ಅವರದು ಆರು ಮೂಟೆ, ನಷ್ಟ 2,400 ರೂಪಾಯಿ. ಊರಿಗೆ ಹಿಂತಿರುಗಿದ ಮೇಲೆ ಅವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಕಾಫಿ ಲೋಟ ಕೈಗಿಟ್ಟು, “ನೀವು ಕಳಿಸಿದಿರಲ್ಲ, ಅವರು ತಗೊಳ್ಳದಿದ್ದರೆ ನೀವೇನು ಮಾಡೋಕಾಗುತ್ತೆ” ಎಂದು ನನಗೇ ಸಮಾಧಾನ ಹೇಳಿದರು. ನಾನು ಕಳಿಸಿರಲಿಲ್ಲ ಎಂಬುದನ್ನು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿಹೋಯಿತು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಅಡಿಕೆ ಬೆಳೆಯುವ ನಾವು ಎಷ್ಟೋ ಸಲ ಹೇಳಿದ್ದೇವೆ. ಸಂಘದ ಮೇಲೆ ಸದಸ್ಯರಿಗಿರುವ ನಂಬಿಕೆಯೂ ಹಾಗೆಯೇ ಎಂದು ಆ ದಿನ ಅರ್ಥವಾಯಿತು.

ಕಛೇರಿಯ ಹುಡುಗಿಯನ್ನು ಬಿಡಿಸಬೇಕೆಂಬ ಮಾತು ಅಲ್ಲಲ್ಲಿ ಕೇಳಿಬಂದಿದೆ. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅವಳಿಗೆ ಕಂಪ್ಯೂಟರು ಕೊಟ್ಟೆವು, ಕುರ್ಚಿ ಕೊಟ್ಟೆವು, ತರಬೇತಿ ಕೊಡಲಿಲ್ಲ. ಭಾವನವರು ಹೇಳಿದಂತೆ, ಗಣಿಯಲ್ಲಿ ಗಂಟೆಯ ಸಂಕೇತ ಬಾರದವನನ್ನು ಆ ಕೆಲಸಕ್ಕೆ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೆ ತಪ್ಪು ನಿಲ್ಲಿಸಿದವನದು. ಪಕ್ಕದಲ್ಲಿ ನಿಂತು ಪುಸ್ತಕಕ್ಕೆ ಸಹಿ ಹಾಕಿದವನು ಕಾರ್ಯದರ್ಶಿ. ಜವಾಬ್ದಾರಿಯೂ ಅವನದೇ.

ಆದ್ದರಿಂದ ಬರುವ ಸರ್ವಸದಸ್ಯರ ಸಭೆಯ ಮುಂದೆ ಈ ಸಲಹೆಗಳನ್ನು ಇಡಬೇಕೆಂದಿದ್ದೇನೆ. ಪತ್ರ ‘ಸೆಂಟ್’ ಪೆಟ್ಟಿಗೆಯಲ್ಲಿ ಕಾಣಿಸಿಕೊಂಡ ಮೇಲಷ್ಟೇ ರವಾನೆ ಪುಸ್ತಕದಲ್ಲಿ ‘ಕಳಿಸಿದೆ’ ಎಂದು ಬರೆಯತಕ್ಕದ್ದು. ಗೋದಾಮಿನ ಬೀಗ ಎಳೆದು ನೋಡುವಂತೆ, ಪ್ರತಿದಿನ ಕಛೇರಿ ಮುಚ್ಚುವ ಮುನ್ನ ಔಟ್‌ಬಾಕ್ಸ್ ಬರಿದಾಗಿದೆಯೆಂದು ನೋಡಿ ಸಹಿ ಹಾಕತಕ್ಕದ್ದು. ಗಡುವು ಇರುವ ಪತ್ರವನ್ನು ಹಿಂದಿನ ದಿನವೇ ಕಳಿಸತಕ್ಕದ್ದು. ಅಂಥ ಪತ್ರ ಹೋದ ಮೇಲೆ ಫೋನು ಮಾಡಿ, ಬಂತೇ ಎಂದು ಕೇಳಿ, ಉತ್ತರ ಕೊಟ್ಟವರ ಹೆಸರು ಬರೆದುಕೊಳ್ಳತಕ್ಕದ್ದು. ‘ಸೆಂಟ್’ ಎಂದರೆ ನಮ್ಮ ಸರ್ವರು ಸ್ವೀಕರಿಸಿತು ಎಂದಷ್ಟೇ ಅರ್ಥ. ಆಚೆಯವರ ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರೂ ಅದು ಮುಂದೆ ಎಲ್ಲೋ ತಿರಸ್ಕೃತವಾಗಬಹುದು.

ಇದರಂತೆಯೇ ನಮ್ಮೊಡನೆ ವ್ಯವಹರಿಸುವ ಬ್ಯಾಂಕು, ಇಲಾಖೆ, ಖರೀದಿದಾರರಲ್ಲಿಯೂ ಒಂದು ವಿನಂತಿ. ಸಣ್ಣ ಬೆಳೆಗಾರನಿಂದ ಇ-ಮೇಲ್ ಕೇಳುವಿರಾದರೆ, ಬಂದದ್ದಕ್ಕೆ ‘ಬಂತು’ ಎಂದು ಒಂದು ಸಾಲು ಬರೆಯಿರಿ. ಗಂಟೆಗೆ ಮರುಗಂಟೆ ಕೊಡುವುದು ಉಪಕಾರವಲ್ಲ, ಅದು ವ್ಯವಹಾರದ ಅಂಗ. ಗಡುವಿನ ಕೊನೆಯ ಘಳಿಗೆಯಲ್ಲಿ ಕರೆಂಟು ಹೋಯಿತೆಂಬ ಕಾರಣಕ್ಕೆ ಒಬ್ಬ ಬೆಳೆಗಾರ ಒಂದು ವರ್ಷದ ಸೌಲಭ್ಯ ಕಳೆದುಕೊಳ್ಳುವಂತಾಗಬಾರದು. ಕಾಗದದ ಅರ್ಜಿಯನ್ನೂ ಕೈಯಲ್ಲಿ ತೆಗೆದುಕೊಳ್ಳುವ ಒಂದು ಕಿಟಕಿ ಇರಲಿ.

ಕೊನೆಯ ಮಾತು ಹಣದ್ದು. ಆ 64,800 ರೂಪಾಯಿಯನ್ನು ಯಾರು ಹೊರಬೇಕು? 18 ಮಂದಿ ತಮ್ಮ ಕೆಲಸವನ್ನೆಲ್ಲ ಸಕಾಲಕ್ಕೆ ಮಾಡಿದ್ದರು. ಹಣ್ಣು ಕೊಯ್ದು, ಪಲ್ಪ್ ಮಾಡಿ, ಒಣಗಿಸಿ, ಚೀಟಿ ತಂದುಕೊಟ್ಟಿದ್ದರು. ತಪ್ಪಿದ್ದು ಸಂಘದ ಮೇಜಿನ ಮೇಲೆ. ಆದ್ದರಿಂದ ಸಂಘದ ನಿಧಿಯಿಂದಲೇ ಅದನ್ನು ತುಂಬಿಕೊಡಬೇಕೆಂದೂ, ಅದರಲ್ಲಿ ಒಂದು ಭಾಗವನ್ನು ಕಾರ್ಯದರ್ಶಿಯ ಗೌರವಧನದಿಂದ ಮುರಿದುಕೊಳ್ಳಬೇಕೆಂದೂ ನನ್ನ ಅಭಿಪ್ರಾಯ. ‘ಎಲ್ಲರ ಹಣದಿಂದ 18 ಮಂದಿಗೆ ಏಕೆ’ ಎಂದು ಕೇಳುವ ಹಕ್ಕು ಉಳಿದ ಸದಸ್ಯರಿಗಿದೆ. ನಾಳೆ ಔಟ್‌ಬಾಕ್ಸಿನಲ್ಲಿ ಕುಳಿತುಕೊಳ್ಳುವ ಪತ್ರ ಯಾರ ಸರಕಿನದೋ ಹೇಳಲಾಗದು ಎಂಬುದಷ್ಟೇ ನನ್ನ ಉತ್ತರ. ತೀರ್ಮಾನ ತಮ್ಮದು. ಸಭೆಗೆ ತಪ್ಪದೆ ಬನ್ನಿ.

ಸಭೆಯ ತಿಳಿವಳಿಕೆ ಪತ್ರವನ್ನು ಇ-ಮೇಲ್ ವಿಳಾಸವಿರುವ ಸದಸ್ಯರಿಗೆ ಈ ವಾರ ಕಳಿಸಲಾಗುವುದು. ತಲುಪಿದವರು ದಯವಿಟ್ಟು ‘ಬಂತು’ ಎಂದು ಒಂದು ಮಾತು ಬರೆಯಬೇಕು. ಬರೆಯದವರ ಮನೆಗೆ ನಾನೇ ಕಾಗದ ಹಿಡಿದು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ